ಫ್ರೀಜರಿನಲ್ಲಿ ಮಲಗುವ ಸ್ಪ್ರಿಂಗುಗಳು

ಬೆಳಗಿನ ಐದೂವರೆ. ಟೋಕಿಯೊದ ನಿಶಿ ಕಸಾಯಿಯ ಹಿಂದಿನ ಓಣಿಯೊಂದರಲ್ಲಿ ಸೈಕಲ್ ನಿಲ್ಲಿಸಿ ವೇದವಲ್ಲಿ ವರ್ಕ್‌ಶಾಪಿನ ಷಟರ್ ಎತ್ತುತ್ತಾರೆ. ಜನವರಿಯ ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದರೂ ಸೀಮೆಎಣ್ಣೆ ಹೀಟರ್ ಹಚ್ಚುವುದಿಲ್ಲ. ಸೀದಾ ಮೂಲೆಯ ಫ್ರೀಜರಿನತ್ತ ನಡೆಯುತ್ತಾರೆ. ಬಾಗಿಲು ಮುಚ್ಚಿದ ಯಾವುದೋ ಕೊಂಬಿನಿ ಅಂಗಡಿಯಿಂದ ಬಂದ ಐಸ್‌ಕ್ರೀಮ್ ಫ್ರೀಜರ್ ಅದು. ಈಗ ಅದರೊಳಗೆ ಎಣ್ಣೆ ಸವರಿದ ಎರಡು ಸ್ಪ್ರಿಂಗು, ಹೆಬ್ಬೆರಳು ಗಾತ್ರದ ಎರಡು ಲೋಹದ ತುಂಡು ಮಲಗಿವೆ.

ಈ ತುಂಡಿನ ಹೆಸರು ಬಫರ್. ಬೇಟೆಗಾರರ ಸೆಮಿ ಆಟೊಮ್ಯಾಟಿಕ್ ರೈಫಲ್ಲಿನಲ್ಲಿ ಗುಂಡು ಹಾರಿದ ಕೂಡಲೇ ಒಳಗಿನ ಬೋಲ್ಟ್ ರಭಸದಿಂದ ಹಿಂದಕ್ಕೆ ಬರುತ್ತದೆ. ಸ್ಪ್ರಿಂಗು, ಬಫರು ಸೇರಿ ಆ ಹೊಡೆತ ತಡೆದು, ಬೋಲ್ಟನ್ನು ಮುಂದೆ ತಳ್ಳಿ, ಇನ್ನೊಂದು ಗುಂಡನ್ನು ಒಳಗೆ ಕೂರಿಸಬೇಕು. ಜೋಡಿ ತೀರ ಸಡಿಲವಾದರೆ ಹೆಗಲಿಗೆ ಗುದ್ದು. ತೀರ ಬಿಗಿಯಾದರೆ ಬೋಲ್ಟ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ, ಎರಡನೆಯ ಗುಂಡು ಏರುವುದೇ ಇಲ್ಲ. ಯಾವ ರೈಫಲ್ಲಿಗೆ ಯಾವ ಜೋಡಿ ಎಂದು ಆರಿಸುವುದೇ ಏಳು ವರ್ಷಗಳಿಂದ ವೇದವಲ್ಲಿಯ ಕೆಲಸ. ರೈಫಲ್ಲಿನಿಂದ ಗುಂಡು ಹಾರುವುದನ್ನು ಮಾತ್ರ ಈಕೆ ಒಮ್ಮೆಯೂ ನೋಡಿಲ್ಲ.

ಗಂಡ ಹರಿಪ್ರಸಾದ ಶಿನಾಗಾವಾದ ಐಟಿ ಕಂಪನಿಯಲ್ಲಿದ್ದಾರೆ. ಅವರ ಹಿಂದೆ ಬಂದ ವೇದವಲ್ಲಿಯ ಮೈಸೂರಿನ ಮೆಕ್ಯಾನಿಕಲ್ ಡಿಪ್ಲೊಮಾ ಸೂಟ್‌ಕೇಸಿನ ತಳ ಸೇರಿತ್ತು. ಅಷ್ಟರಲ್ಲಿ 2011ರ ಭೂಕಂಪ. ಫುಕುಶಿಮಾದ ಊರುಗಳು ಖಾಲಿಯಾದವು, ಬಿಟ್ಟುಹೋದ ಮನೆಗಳಿಗೆ ಕಾಡುಹಂದಿಗಳು ನುಗ್ಗಿದವು. ಅವನ್ನು ಹೊಡೆಯಲು ಅಲ್ಲಿನ ವಯಸ್ಸಾದ ಬೇಟೆಗಾರರೇ ಹಿಂದಿರುಗಬೇಕಾಯಿತು. ಕೊಂದ ಹಂದಿಯನ್ನು ತಿನ್ನುವಂತಿಲ್ಲ, ಅದರ ಮೈಯಲ್ಲಿ ವಿಕಿರಣ. ಗುಂಡಿ ತೋಡಿ ಹೂಳಬೇಕು, ಅಷ್ಟೇ. ಅವರ ಹಳೆಯ ರೈಫಲ್ಲುಗಳ ರಿಪೇರಿ ಹೆಚ್ಚಿದಾಗ ವರ್ಕ್‌ಶಾಪಿನ ಯಜಮಾನ ಒಕುದಾ ಸಾನ್, ಎಂದರೆ ಒಕುದಾ ಅವರು, ಈಕೆಯನ್ನು ಕೆಲಸಕ್ಕೆ ಕರೆದರು.

"ಆವಾಗ ತಿಂಗಳಿಗೆ ಮೂವತ್ತು ಜೋಡಿ ಹೋಗ್ತಿತ್ತು. ಈಗ ಮೂರು ಹೋದ್ರೆ ಹೆಚ್ಚು," ಎನ್ನುತ್ತಾರೆ ವೇದವಲ್ಲಿ. "ಹಂದಿ ಕಮ್ಮಿ ಆಗಿಲ್ಲ ರೀ. ಹೊಡೆಯೋರು ಮುಗಿದ್ರು."

ಮುಗಿದವರಲ್ಲಿ ಒಬ್ಬರ ಲೆಕ್ಕ ಈಕೆಯ ತಲೆಯ ಮೇಲಿದೆ. ಎಂದೋ ಸಾನ್ ಎಂಬ ಎಪ್ಪತ್ತು ದಾಟಿದ ಬೇಟೆಗಾರರು 2016ರ ಚಳಿಗಾಲದಲ್ಲಿ ಹೆಗಲು ನೋವು ಎಂದು ಹೇಳಿಕಳಿಸಿದ್ದರು. ಪಾಪ ಎನಿಸಿ ವೇದವಲ್ಲಿ ಬಿಗಿ ಸ್ಪ್ರಿಂಗು, ಭಾರದ ಬಫರು ಕೊಟ್ಟರು. ಪರೀಕ್ಷೆಯಲ್ಲಿ ಎಲ್ಲ ಸರಿಯಿತ್ತು. ಆದರೆ ಪರೀಕ್ಷೆ ಮಾಡಿದ್ದು ಹೀಟರ್ ಉರಿಯುವ ಬೆಚ್ಚನೆಯ ಕೋಣೆಯಲ್ಲಿ. ಅತ್ತ ಫುಕುಶಿಮಾದಲ್ಲಿ, ಮೈನಸ್ ಎಂಟು ಡಿಗ್ರಿಯ ಬೆಳಗಿನಲ್ಲಿ, ಎಣ್ಣೆ ಗಟ್ಟಿಯಾಗಿತ್ತು. ಮೊದಲ ಗುಂಡು ಹಂದಿಯನ್ನು ಬರೀ ಗಾಯ ಮಾಡಿತು. ಎರಡನೆಯದು ಏರಲಿಲ್ಲ. ಹಂದಿ ಅವರ ತೊಡೆಯನ್ನು ಸೀಳಿತು.

ನಾಲ್ಕು ತಿಂಗಳ ಮೇಲೆ ಎಂದೋ ಸಾನ್ ಕೋಲೂರಿಕೊಂಡು ಇಲ್ಲಿಗೆ ಬಂದರು. ಕೈಯಲ್ಲಿ ಸಿಹಿಯ ಡಬ್ಬಿ. ಸೊಂಟ ಬಗ್ಗಿಸಿ, "ಸುಮಿಮಾಸೆನ್, ನಾನೇ ಎಣ್ಣೆ ಸರಿಯಾಗಿ ಒರೆಸಿರಲಿಲ್ಲ, ನಿಮಗೆ ತೊಂದರೆಯಾಯಿತು," ಎಂದು ಕ್ಷಮೆ ಕೇಳಿದರು. ಬದಲಿಸಿದ್ದ ಸ್ಪ್ರಿಂಗು, ಬಫರನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟರು. ಲೈಸೆನ್ಸನ್ನು ಪೊಲೀಸರಿಗೆ ಮರಳಿಸಿದ್ದರು, ರೈಫಲನ್ನು ತುಂಡರಿಸಿಯಾಗಿತ್ತು.

"ಬೈದಿದ್ರೆ ಸುಧಾರಿಸ್ಕೋತಿದ್ದೆ. ಅವರೇ ಸಾರಿ ಕೇಳಿದ್ಮೇಲೆ ನಾನು ಎಲ್ಲಿಗೆ ಹೋಗ್ಲಿ? ಮನೇಲಿ ಇವ್ರು, ಬೇಕಂತ ಮಾಡಿದ್ದಲ್ವಲ್ಲ, ಲೆಟ್ ಇಟ್ ಗೋ ಅಂತಾರೆ. ಹೋಗಲ್ಲ ಅದು."

ಆ ಸಿಹಿಯನ್ನು ಯಾರೂ ತಿನ್ನಲಿಲ್ಲ. ಫ್ರೀಜರ್ ಬಂದದ್ದು ಅದರ ಮರುವಾರವೇ. ಅಂದಿನಿಂದ ಪ್ರತಿ ಜೋಡಿಯೂ ಅದರಲ್ಲಿ ಮರಗಟ್ಟಿದ ಮೇಲೆಯೇ ಪರೀಕ್ಷೆ. ಪರೀಕ್ಷೆ ಮುಗಿಯುವ ತನಕ ಹೀಟರ್ ಇಲ್ಲ. ಈಕೆಯ ಬೆರಳುಗಳು ಚಳಿಗೆ ಬಿರುಕು ಬಿಟ್ಟಿವೆ, ಆದರೆ ಎಂದೋ ಸಾನ್ ಕಾಲು ಸರಿಹೋಗಿಲ್ಲ.

ಮಾರ್ಚ್‌ಗೆ ವರ್ಕ್‌ಶಾಪ್ ಮುಚ್ಚುತ್ತದೆ. ಇಂದಿನದು ಕೊನೆಯ ಆರ್ಡರ್. ಎಂದೋ ಅವರ ಬೇಟೆ ತಂಡದಲ್ಲಿ ಉಳಿದಿರುವ ಒಬ್ಬರೇ ಒಬ್ಬರು, ಎಪ್ಪತ್ತಾರರ ಮೊರಿ ಸಾನ್ ಬರೆದಿದ್ದಾರೆ: ಹೆಗಲು ನೋವು, ಗುದ್ದು ಸ್ವಲ್ಪ ಮೆತ್ತಗಿರಲಿ.

ಅದೇ ಮಾತು. ಚೀಟಿ ಓದಿದ ದಿನ ವೇದವಲ್ಲಿಗೆ ಊಟ ಸೇರಲಿಲ್ಲ.

ಈಗ ಗುಂಡಿಲ್ಲದ ಪರೀಕ್ಷಾ ಕೊಳವೆಗೆ ಬಿಗಿ ಸ್ಪ್ರಿಂಗು, ಭಾರದ ಬಫರು ಹಾಕಿ, ಗುಂಡಿನ ಹೊಡೆತದ ಬದಲು ಮೇಲಿಂದ ಒಂದು ತೂಕ ಬಿಡುತ್ತಾರೆ. ಬೋಲ್ಟ್ ಮುಕ್ಕಾಲು ದಾರಿ ಸಾಗಿ ನಿಲ್ಲುತ್ತದೆ. ಅದಕ್ಕಿಂತ ಸಡಿಲವಾದ ಇನ್ನೊಂದು ಜೋಡಿ ಹಾಕುತ್ತಾರೆ. ಕಟ್ ಎಂದು ಕೊನೆ ಮುಟ್ಟಿ ಮರಳುತ್ತದೆ. ಇಪ್ಪತ್ತು ಸಲ ಬಿಟ್ಟರೂ ಅದೇ ಸದ್ದು. ಒಳಗೆ ಬಂದ ಒಕುದಾ ಸಾನ್ ಚೀಟಿಯನ್ನೂ ಆ ಜೋಡಿಯನ್ನೂ ನೋಡಿ, "ಇದು ಹೆಗಲಿಗೆ ಗುದ್ದುತ್ತಲ್ಲ, ವೇದಾ ಸಾನ್," ಎನ್ನುತ್ತಾರೆ.

"ಗುದ್ದಲಿ," ಎನ್ನುತ್ತಾರೆ ಈಕೆ, ಕನ್ನಡದಲ್ಲೇ. ಆ ಜೋಡಿಯನ್ನೇ ಪೊಟ್ಟಣ ಕಟ್ಟುತ್ತಾರೆ.

ಹೀಟರ್ ಹಚ್ಚುತ್ತಾ ಹೇಳುತ್ತಾರೆ: "ದೊಡ್ಡ ಆಸೆ ಏನೂ ಉಳಿದಿಲ್ಲ. ಮೊರಿ ಸಾನ್ ಕೂಡ ಒಂದಿನ ರೈಫಲ್ ವಾಪಸ್ ಕೊಡಲೇಬೇಕಲ್ಲ. ಅವತ್ತು ಪೊಲೀಸ್ ಸ್ಟೇಷನ್‌ಗೆ ಕೋಲಿಲ್ದೆ ನಡ್ಕೊಂಡು ಹೋಗ್ಲಿ. ಅಷ್ಟು ಸಾಕು."