ಹುಣ್ಣಿಮೆಗೆ ಮೊದಲೇ ಸತ್ತ ಜೋಕುಮಾರ

ಬೆಳಗಿನ ಆರು ಗಂಟೆ. ಕುಕನೂರು ಹತ್ತಿರದ ಒಂದೂರಿನ ಓಣಿಯಲ್ಲಿ ಮಾರೆಮ್ಮ ಅಂಬಿಗೇರ ತಲೆಯ ಮೇಲಿನ ಬುಟ್ಟಿ ಇಳಿಸುತ್ತಾರೆ. ಬುಟ್ಟಿಯೊಳಗೆ ಮಣ್ಣಿನ ಜೋಕುಮಾರ, ಸುತ್ತ ಬೇವಿನ ತಪ್ಪಲು, ಬಾಯಿಗೆ ಬೆಣ್ಣೆ. ಮೊಣಕಾಲು ಹಿಡಿದು ಕೂತು, ಬರಿಗಾಲಿನ ಜಾಲಿಮುಳ್ಳು ಕಿತ್ತು, ದನಿ ಎತ್ತುತ್ತಾರೆ. ಮಳೆ ತರುವ ದೇವರು ಹುಟ್ಟಿದ ಕಥೆ. ನಾಲ್ಕನೇ ಮಾತಿಗೇ ಒಳಗಿನಿಂದ ಮೊರದಲ್ಲಿ ಜೋಳ ಬರುತ್ತದೆ. "ಸಾಕ ಬಿಡಬೇ, ಹುಡುಗ್ರು ಸಾಲಿಗೆ ಹೋಗಬೇಕು."

ಅರವತ್ತೆರಡರ ಮಾರೆಮ್ಮನಿಗೆ ಈ ಕಥೆ ಅತ್ತೆಯಿಂದ ಬಂದದ್ದು. ಭಾದ್ರಪದದಲ್ಲಿ ಏಳು ದಿನ ಬುಟ್ಟಿ, ಉಳಿದ ದಿನ ಕಳೆ ತೆಗೆಯುವ ಕೂಲಿ. ದಿನಕ್ಕೆ ಎರಡು ಊರು, ಐವತ್ತು ಬಾಗಿಲು. ಬಿಡದೆ ಹೇಳಿದರೆ ಅರ್ಧ ಗಂಟೆಯ ಕಥೆ. ಎರಡು ನಿಮಿಷದ ಮೇಲೆ ಯಾರೂ ಕೂರುವುದಿಲ್ಲ. ಕಾಳಿನ ಚೀಲ ಹೊರುವ ಸೊಸೆ ನೇತ್ರಾವತಿ, ಮೊಬೈಲಿನಲ್ಲಿ ರೆಕಾರ್ಡ್ ಹಚ್ಚಿದರೆ ಗಂಟಲಾದರೂ ಉಳಿದೀತು ಎಂದು ಕಾಡಿಸುತ್ತಾಳೆ. "ಮೊಬೈಲಿಗೆ ಜ್ವಾಳ ಯಾರ ನೀಡ್ತಾರ?" ಎನ್ನುತ್ತಾರೆ ಮಾರೆಮ್ಮ.

ಕಥೆಯಲ್ಲಿ ಜೋಕುಮಾರ ಸಾಯುವುದು ಹುಣ್ಣಿಮೆಗೆ, ಅಗಸರು ಬಟ್ಟೆ ಒಗೆಯುವ ಬಂಡೆಯ ಬಳಿ. ಆ ಸಾವನ್ನು ಹಳ್ಳದ ದಂಡೆಯ ಅಂಥ ಬಂಡೆಯ ಬಳಿ ಮಾತ್ರ ಹೇಳಬೇಕು, ಮನೆ ಬಾಗಿಲಲ್ಲಿ ಹೇಳುವಂತಿಲ್ಲ. ಹೋದ ವರ್ಷ ಮೂರನೇ ದಿನವೇ ಮಾರೆಮ್ಮ ತಪ್ಪಿದರು. ಹಾರಿಸಿ ಹಾರಿಸಿ ಹೇಳಿ ರೂಢಿಯಾದ ನಾಲಿಗೆ, ಸುಮಂಗಲಾ ಎಂಬವರ ಅಂಗಳದಲ್ಲಿ ನಡುವಿನದೆಲ್ಲ ಬಿಟ್ಟು ನೇರ ಬಂಡೆಯ ಬಳಿಯ ಸಾವಿಗೇ ಹೋಗಿ ನಿಂತಿತು. ಹೊಸ್ತಿಲ ಮೇಲೆ ಆ ಮನೆಯ ಬಸುರಿ ಮಗಳು ಕೂತಿದ್ದಳು.

"ನಮ್ಮ ಬಾಗಲಾಗ ಹೆಣಾ ಕೆಡವಿ ಹೊಂಟೀಯೇನು?" ಸುಮಂಗಲಾ ಅಡ್ಡ ನಿಂತರು. ಮಾತು ಮುಂದಿನ ಊರಿಗೆ ಮುಟ್ಟಿದರೆ ಬುಟ್ಟಿಗೆ ಬಾಗಿಲು ತೆರೆಯುವವರಿಲ್ಲ. ಮಾರೆಮ್ಮ ನೀರು ಕೇಳಿ ಕುಡಿದರು, ಹುಟ್ಟಿನಿಂದ ಮತ್ತೆ ಶುರು ಮಾಡಿದರು. ದೇವರು ಹುಟ್ಟಿದ, ಬೆಳೆದ, ಮೋಡವಿಲ್ಲದ ಊರು ಕಂಡು ಅತ್ತ, ಮಳೆ ತಂದ. ಬಂಡೆಗೆ ಒಂದು ಹೆಜ್ಜೆ ಉಳಿದಾಗ, ಅವನು ಇನ್ನೂ ಜೀವಂತ ಇರುವಾಗಲೇ, ಕಥೆ ನಿಲ್ಲಿಸಿದರು. ಅರ್ಧ ಗಂಟೆ ಹಿಡಿದಿತ್ತು. ಅಂದಿನ ಹದಿನೈದು ಬಾಗಿಲು ತಪ್ಪಿದವು.

ಸುಮಂಗಲಾ ಯಾರಿಗೂ ಹೇಳಲಿಲ್ಲ. ಮಗಳಿಗೆ ಹೆರಿಗೆ ಸಲೀಸಾಯಿತು. ಅದಕ್ಕೂ ಕಥೆಗೂ ಸಂಬಂಧ ಹಚ್ಚಲು ಮಾರೆಮ್ಮ ಒಪ್ಪುವುದಿಲ್ಲ. ತಪ್ಪು ತಮ್ಮದೇ ಎನ್ನುತ್ತಾರೆ. ಎಲೆಅಡಿಕೆ ಉಗುಳಿ ಸೇರಿಸುತ್ತಾರೆ:

"ಆದ್ರ ಒಂದ ಮಾತು. ಒಳಗ ಹಾಲು ಉಕ್ಕಿ ಒಲಿ ಆರಿದ್ರೂ ಸುಮಂಗಲಾ ಎದ್ದಿಲ್ಲ ನೋಡ್ರಿ. ಇಪ್ಪತ್ತ ವರ್ಷದಾಗ ಹಂಗ ಕುಂತ ಕೇಳಿದ್ದು ಅದೊಂದ ಮನಿ."