ದೊಡ್ಡವ್ವನ ಬೈಗುಳ ಕಲಿತ ಗಿಳಿ

ಮೊನ್ನೆ ಅಟ್ಟದಿಂದ ಹಳೆಯ ಒನಕೆ ಇಳಿಸುವಾಗ ಅದರ ಜೊತೆಗೆ ಒಂದು ಕವಣೆಯೂ ಬಿತ್ತು. ಕತ್ತಾಳೆ ನಾರಿನದು. ಕಲ್ಲಿಡುವ ಜಾಗವನ್ನು ಇಲಿ ಕಡಿದು ತೂತು ಮಾಡಿದೆ. ಮೂಗಿಗೆ ಹಿಡಿದರೆ ಬರೀ ಧೂಳಿನ ವಾಸನೆ... ಆದರೂ ಪಕ್ಕದ ಹೊಲದ ದೊಡ್ಡವ್ವ ಕೂಗಿದಂತಾಯಿತು.

ನಾನು ಮದುವೆಯಾಗಿ ಯಲ್ಲದಕೆರೆಗೆ ಬಂದ ಹೊಸತು. ಮೈಸೂರು ಮಹಾರಾಜರ ಕಾಲ. ಮಾರಿಕಣಿವೆಯ ಅಣೆಕಟ್ಟೆ ಕೆಲಸಕ್ಕೆ ಊರಿನ ಗಂಡಸರು ಗಾಡಿ ಕಟ್ಟಿಕೊಂಡು ಹೋಗಿಬಿಡುತ್ತಿದ್ದರು. ಹೊಲ ಕಾಯುವುದು ನಮ್ಮಂಥ ಹೆಂಗಸರ ಪಾಲಿಗೆ. ನಮ್ಮ ಹೊಲಕ್ಕೂ ಗುಡ್ಡದ ಕುರುಚಲು ಕಾಡಿಗೂ ನಡುವೆ ದೊಡ್ಡವ್ವನ ಬಿಳಿಜೋಳದ ಹೊಲ. ಹಾಗಾಗಿ ಕಾಡಿನಿಂದ ಇಳಿಯುವ ಗಿಳಿಗಳಿಗೆ ಮೊದಲ ಪಂಕ್ತಿ ಅಲ್ಲೇ ಬೀಳುತ್ತಿತ್ತು.

ಅವಳು ನನಗೆ ರಕ್ತಸಂಬಂಧಿಯಲ್ಲ, ವರಸೆಯಲ್ಲಿ ದೊಡ್ಡವ್ವ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ಮಾಡುತ್ತಿದ್ದಳು. ಹೊಲದ ನಡುವೆ ಕಾವಲಿಗೆ ಕಟ್ಟಿದ ಅಟ್ಟಣೆ ಹತ್ತಿ ನಿಂತು, "ಹೋಯ್! ನಿಮ್ಮ ಬಾಯಿಗೆ ಮಣ್ಣಾಕ!" ಎಂದು ಒಮ್ಮೆ ಕೂಗಿದರೆ ಗಿಳಿಗಳಿರಲಿ, ದಾರಿಯಲ್ಲಿ ಹೋಗುವವರೂ ಬೆಚ್ಚಿಬಿದ್ದು ತಿರುಗಿ ನೋಡುತ್ತಿದ್ದರು. ಕವಣೆ ಬೀಸುತ್ತಿದ್ದಳು, ಆದರೆ ಕಲ್ಲಿಡುತ್ತಿರಲಿಲ್ಲ. ಹಗ್ಗದ ತುದಿ ಚಟೀರೆಂದರೆ ಸಾಕು ಎನ್ನುತ್ತಿದ್ದಳು.

ನಾನು ಬಂದ ವರ್ಷ, ತೆನೆಗೆ ಹಾಲು ತುಂಬುವ ಹೊತ್ತಿಗೆ ಸರಿಯಾಗಿ, ಕೆಮ್ಮು ಬಂದು ಅವಳ ಗಂಟಲು ಕಟ್ಟಿಹೋಯಿತು. ಕಷಾಯ ಕುಡಿದಳು, ಮೆಣಸು ಅಗಿದಳು, ಏನೂ ಪ್ರಯೋಜನವಾಗಲಿಲ್ಲ. ಸುದ್ದಿ ತಿಳಿದು ಅವಳ ಮೈದುನ ಹೊಲಕ್ಕೇ ಬಂದ. "ಈ ಸಲ ಬೆಳೆ ಗಿಣಿ ಪಾಲಾದ್ರೆ ಬರೋ ವರ್ಷದಿಂದ ಹೊಲ ನಾನೇ ಮಾಡ್ತೀನಿ ಅತ್ತಿಗೆ. ನೀವು ನಮ್ಮನೇಲಿ ಉಂಡ್ಕಂಡು ಸುಮ್ನೆ ಕುಂತ್ಕಳ್ರಿ" ಅಂದ. ಪ್ರೀತಿಯಿಂದಲೇ ಅಂದಿರಬಹುದು. ಆದರೆ ಬೇರೆಯವರ ಒಲೆ ಮುಂದೆ ತಟ್ಟೆ ಹಿಡಿದು ಕೂರುವುದೆಂದರೆ ದೊಡ್ಡವ್ವನಿಗೆ ಜೀವ ಹೋದಷ್ಟೇ ಸಂಕಟ.

ಅವಳ ಮನೆಯಲ್ಲಿ ಒಂದು ಸಾಕಿದ ಗಿಳಿಯಿತ್ತು. ಬೇವಿನ ಪೊಟರೆಯಿಂದ ಮರಿಯಾಗಿದ್ದಾಗ ಬಿದ್ದಿದ್ದನ್ನು ತಂದು, ಬಾಯಿಗೆ ಅಂಬಲಿ ಹನಿಸಿ ಬದುಕಿಸಿದ್ದಳು. ಈಗ ಕೊರಳಲ್ಲಿ ಕೆಂಪು ಪಟ್ಟಿ ಬಂದ ಗಂಡುಗಿಳಿ. ಅವಳ ಬೈಗುಳವನ್ನು ಅವಳದೇ ರಾಗದಲ್ಲಿ ಒಪ್ಪಿಸುತ್ತಿತ್ತು. "ನನ್ನ ಬದಲು ಇವನೇ ಕೂಗ್ಲಿ" ಎಂದು ಪಿಸುಗುಟ್ಟಿ, ಪಂಜರವನ್ನು ಅಟ್ಟಣೆಗೆ ತೂಗುಹಾಕಿದಳು. ನಮಗೆಲ್ಲ ಭಲೇ ಉಪಾಯ ಅನ್ನಿಸಿತು!

ಬೆಳಗಾಯಿತು. ಗುಡ್ಡದ ಕಡೆಯಿಂದ ಹಸಿರು ಹಿಂಡು ಕಿರುಚುತ್ತಾ ಬಂತು. ನಮ್ಮ ಗಿಳಿರಾಯ ಕತ್ತು ಓರೆ ಮಾಡಿ ನೋಡಿದ. ಕಲಿತದ್ದೆಲ್ಲ ಮರೆತುಹೋಯಿತು. ರೆಕ್ಕೆ ಬಡಿದು ಕೀ ಕೀ ಎಂದು ಕರೆದೇ ಕರೆದ. ಹತ್ತು ಹೊಲಕ್ಕೆ ಹಂಚಿಹೋಗಬೇಕಿದ್ದ ಹಿಂಡೆಲ್ಲ ಅಟ್ಟಣೆಯ ಸುತ್ತಲೇ ಇಳಿಯಿತು. ನಾನು ತಟ್ಟೆ ಬಡಿಯುತ್ತಾ ಓಡಿದೆ, ಓಡುತ್ತಲೇ ನಗು ತಡೆಯಲಾರದೆ ಬದುವಿನ ಮೇಲೆ ಕುಸಿದೆ.

"ಲೇ ದ್ರೋಹಿ, ನೆಂಟರನ್ನ ಉಣ್ಣಾಕೆ ಕರೀತೀಯೇನಲೇ?" ಎಂದು ದೊಡ್ಡವ್ವ ಇಲ್ಲದ ದನಿಯಲ್ಲಿ ಗದರಿದಳು. ಆಮೇಲೆ ಅವಳಿಗೂ ನಗು ಬಂತು. ನಗುತ್ತಾ ನಗುತ್ತಾ ಥಟ್ಟನೆ ನಿಲ್ಲಿಸಿದಳು. "ಇವನು ಕರೆದ ಕಡೀಗೆ ಬರ್ತಾವೆ ಅಂದ್ಮೇಲೆ, ಇವನನ್ನ ಎಲ್ಲಿ ಇಡಬೇಕು ಅನ್ನಾದು ನಮ್ಮ ಕೈಲೇ ಐತಲ್ಲೇ ಹುಡುಗಿ! ನಡಿ, ಹೋಗಾಣ."

ಗುಡ್ಡದ ಓರೆಯಲ್ಲಿ ಎಲಚಿ ಪೊದೆಗಳು ಹಣ್ಣಿನಿಂದ ಜಗ್ಗಿದ್ದವು. ಪಂಜರ ಅಲ್ಲಿಗೆ ಹೋಯಿತು. ಮರುದಿನದಿಂದ ಹಿಂಡು ಎಲಚಿಗೇ ಇಳಿಯತೊಡಗಿತು. ದಾರಿ ತಪ್ಪಿ ಹೊಲಕ್ಕೆ ಬಂದ ನಾಲ್ಕಾರು ಗಿಳಿಗಳಿಗೆ ನನ್ನ ತಟ್ಟೆಯೇ ಸಾಕಾಯಿತು. ಕಾಳು ಗಟ್ಟಿಯಾಗುವವರೆಗೂ ಮುಳ್ಳಿನಲ್ಲಿ ಕಾಲು ತರಚಿಕೊಂಡು ಪಂಜರ ಹೊತ್ತದ್ದು ನಾವಿಬ್ಬರೇ.

ಕೊಯ್ಲಿನ ದಿನ ಮೈದುನ ಬಂದು ತುಂಬಿದ ತೆನೆಯನ್ನು ಕೈಯಲ್ಲಿ ತೂಗಿ ನೋಡುತ್ತಿದ್ದ. ಬದುವಿನ ಮೇಲಿಟ್ಟಿದ್ದ ಪಂಜರದಿಂದ ಸ್ಪಷ್ಟವಾಗಿ ಬಂತು: "ಹೋಯ್! ನಿಮ್ಮ ಬಾಯಿಗೆ ಮಣ್ಣಾಕ!" ಪಾಪ, ಅವನೂ ನಕ್ಕುಬಿಟ್ಟ. ಹೊಲದ ಮಾತು ಮತ್ತೆ ಎತ್ತಲಿಲ್ಲ.

ಅಂದು ಸಂಜೆ ದೊಡ್ಡವ್ವ ಪಂಜರದ ಬಾಗಿಲು ತೆಗೆದಳು. ನಾನು ಬೇಡ ಬೇಡವೆಂದು ಕೈ ಹಿಡಿದೆ. "ಇವನ ಜನ ದಿನಾ ಬಂದು ಮಾತಾಡ್ಸಿ ಹೋದ್ರಲ್ಲೇ. ಇನ್ನೂ ಕೂಡಿಹಾಕಾಕೆ ನನ್ನ ಕೈಲಾಗಲ್ಲ" ಅಂದಳು. ಅವನು ಎಲಚಿಯ ತುದಿಗೆ ಹಾರಿದ, ಅಲ್ಲಿಂದ ಗುಡ್ಡದ ಆಚೆಗೆ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಅವಳ ಗಂಟಲು ಸರಿಹೋಯಿತು, ಮತ್ತೆ ಎಷ್ಟೋ ಬೆಳೆ ಕಾದಳು. ತನ್ನ ಒಲೆಯಲ್ಲೇ ರೊಟ್ಟಿ ತಟ್ಟಿ ಉಂಡು, ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಕವಣೆ ನನಗೆ ಬಂತು. ಮುಂದಿನ ಜೋಳಕ್ಕೆ ಹಿಂಡು ಇಳಿದಾಗ ನಾನು ಅಟ್ಟಣೆಯ ಮೇಲಿದ್ದೆ. ತೆನೆಗಳ ನಡುವಿನಿಂದ ಯಾರೋ ಕೂಗಿದರು: "ಹೋಯ್! ನಿಮ್ಮ ಬಾಯಿಗೆ ಮಣ್ಣಾಕ!" ಅವಳದೇ ರಾಗ, ಅವಳದೇ ಸಿಟ್ಟು. ಒಂದು ಗಿಳಿಯೂ ಕದಲಲಿಲ್ಲ. ನಾನು ಕವಣೆ ಕೆಳಗಿಟ್ಟು, ನಗುತ್ತಾ ಅಳುತ್ತಾ, ಅವು ಉಣ್ಣುವುದನ್ನು ನೋಡುತ್ತಾ ಕೂತೆ. ಕೆಲವು ವರ್ಷ ಆ ಕೂಗು ಬರುತ್ತಲೇ ಇತ್ತು. ಆಮೇಲೆ...

ಇವತ್ತು ಹಿತ್ತಲ ಬೇವಿಗೆ ಒಂದು ಹಿಂಡು ಬಂದಿತ್ತು. ಕವಣೆ ಹಿಡಿದುಕೊಂಡೇ ಹೋಗಿ ಬಹಳ ಹೊತ್ತು ಕಿವಿಗೊಟ್ಟೆ. ಬರೀ ಕೀ ಕೀ. ತಡೆಯಲಾಗದೆ ನಾನೇ ಕೂಗಿದೆ, ಅದೇ ಬೈಗುಳ, ಅದೇ ರಾಗ. ಹಿಂಡು ಭರ್ರನೆ ಎದ್ದು ಹೋಯಿತು. ಸೊಸೆ ಗಾಬರಿಯಿಂದ ಓಡಿ ಬಂದಳು. "ಯಾರಿಗೆ ಬೈತಿದೀರಿ ಅತ್ತೆ?"

"ಯಾರಿಗೂ ಇಲ್ಲವ್ವ. ದನಿ ಐತೇನೋ ಅಂತ ನೋಡ್ದೆ" ಅಂದೆ.

ದನಿ ಇತ್ತು. ನನ್ನದು.