ಆರು ಟೇಬಲ್ಲಿನ ತಲೆಗೆ ನಾರ್ಮಲ್ ಸರ್ಟಿಫಿಕೇಟು

"ಮೆಡಿಕಲ್ ಸೀಟು ಸಿಗಲಿಲ್ಲ, ಪಾಪ, ಸೈಕಾಲಜಿ ತಗೊಂಡಳು."

ನಮ್ಮಕ್ಕನ ಹನ್ನೊಂದು ವರ್ಷದ ಓದನ್ನು ನೆಂಟರು ಹೇಳಿ ಮುಗಿಸುವುದು ಹೀಗೆ, ಆರೇ ಪದಗಳಲ್ಲಿ. ಅದರಲ್ಲೂ ಒಂದು 'ಪಾಪ'.

ಕಾಲೇಜಿನಲ್ಲಿ ಡಿಬೇಟ್ ಮಾಡಿ ಕೆಟ್ಟವಳು ನಾನು. ಹಾಗಾಗಿ ಖಂಡಿಸುತ್ತೇನೆ. ಸೀಟು ಸಿಗಲಿಲ್ಲ ಅನ್ನಬೇಕಾದರೆ ಮೊದಲು ಅರ್ಜಿ ಹಾಕಿರಬೇಕು ತಾನೇ? ಅಕ್ಕ ಅರ್ಜಿಯನ್ನೇ ಹಾಕಲಿಲ್ಲ. ಅಪ್ಪ ಅಂಬತ್ತೂರಿನ ಫ್ಯಾಕ್ಟರಿಗೆ ಅರ್ಧ ದಿನ ರಜೆ ಹಾಕಿ, ಕ್ಯೂ ನಿಂತು ತಂದ ಫಾರಂ ಇವತ್ತಿಗೂ ನಮ್ಮನೆ ಬೀರುವಿನಲ್ಲಿ ಖಾಲಿ ಕೂತಿದೆ. ಸಾಕ್ಷಿ ಬೇಕಾದವರು ಬಂದು ನೋಡಬಹುದು.

ನಿಜವಾದ ಕಾರಣ ಉಪ್ಪಿನಕಾಯಿ.

ಅಜ್ಜಿ ಸ್ಟ್ರೋಕ್ ಆಗಿ ಚೇತರಿಸಿಕೊಳ್ಳುತ್ತಿದ್ದ ಕಾಲ. ಊಟಕ್ಕೆ ಕೂತಾಗೆಲ್ಲ ಒಂದೇ ದೂರು: "ಈ ಸೊಸೆ ನನಗೆ ಉಪ್ಪಿನಕಾಯಿ ಬಡಿಸೋಲ್ಲ, ಕೋಸಂಬರಿ ಬಡಿಸೋಲ್ಲ." ಅಮ್ಮ ಎರಡನ್ನೂ ಬಡಿಸಿ, ಬೈಸಿಕೊಂಡು, ಅತ್ತು, ಮತ್ತೆ ಬಡಿಸುತ್ತಿದ್ದಳು. ವಯಸ್ಸಾಯಿತು ಅಂದರು ಡಾಕ್ಟರು. ಹಠ ಅಂದಳು ಸೋದರತ್ತೆ. ಪ್ಲಸ್ ಟೂ ಓದುತ್ತಿದ್ದ ಅಕ್ಕ ಮಾತ್ರ ಎಲೆಯನ್ನೇ ನೋಡುತ್ತಿದ್ದಳು. ಬಲಗಡೆ ಬಡಿಸಿದ್ದು ಪೂರ್ತಿ ಖಾಲಿ. ಎಡಗಡೆಯದನ್ನು ಮುಟ್ಟಿಲ್ಲ. ಒಂದು ದಿನ ಎದ್ದು ಹೋಗಿ ಎಲೆಯನ್ನು ಅರ್ಧ ಸುತ್ತು ತಿರುಗಿಸಿಬಿಟ್ಟಳು.

"ಹೂಂ, ಈಗ ಬಡಿಸಿದೆಯಾ?" ಅಂದರು ಅಜ್ಜಿ.

ಅಜ್ಜಿಯ ಕಣ್ಣು ಸರಿಯಾಗೇ ಇತ್ತು. ಎಡಗಡೆ ಅನ್ನುವುದೊಂದು ಇದೆ ಅನ್ನುವುದನ್ನೇ ಮಿದುಳು ಕೈಬಿಟ್ಟಿತ್ತು. ಅದು ಹೇಗೆ ಸಾಧ್ಯ ಅಂತ ಅಕ್ಕನ ತಲೆಗೆ ಹುಳ ಹೊಕ್ಕಿತು. ಆ ಹುಳ ಮೂರು ವರ್ಷ ಬಿ.ಎ. ಮಾಡಿಸಿತು, ಎರಡು ವರ್ಷ ಎಂ.ಎ. ಮಾಡಿಸಿತು. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಕೂರಿಸಿ ಎರಡು ವರ್ಷ ಎಂ.ಫಿಲ್. ಮಾಡಿಸಿತು. ವಾಪಸ್ ನಮ್ಮೂರು ಮದ್ರಾಸಿಗೆ (ಸಾರಿ, ಚೆನ್ನೈಗೆ) ಕರೆತಂದು ನಾಲ್ಕು ವರ್ಷ ಪಿಎಚ್.ಡಿ.ಯನ್ನೂ ಮಾಡಿಸಿತು. ಈಗ ಅವಳು ಒಂದು ಖಾಸಗಿ ಆಸ್ಪತ್ರೆಯಲ್ಲಿ ಕ್ಲಿನಿಕಲ್ ನ್ಯೂರೋಸೈಕಾಲಜಿಸ್ಟ್. ಹಾಗಂತ ಅವಳು ಹೇಳುತ್ತಾಳೆ. ಅವಳ ಬಾಗಿಲಿನ ಬೋರ್ಡಿನಲ್ಲಿ 'ಕೌನ್ಸೆಲರ್' ಅಂತಿದೆ. ಅಷ್ಟುದ್ದದ ಹೆಸರು ಬೋರ್ಡಿನಲ್ಲಿ ಹಿಡಿಸಲಿಲ್ಲವಂತೆ.

ಹೆಣ್ಣು ನೋಡಲು ಬಂದವರು ಕೇಳಿದ್ದು ಇನ್ನೂ ಚಿಕ್ಕದು. "ಹುಚ್ಚರ ಡಾಕ್ಟ್ರಾ?"

ಪಿಎಚ್.ಡಿ. ನಡೆದ ನಾಲ್ಕು ವರ್ಷ ನಾವೆಲ್ಲ ಅವಳ ಇಲಿಗಳು. ಏಟು ಬಿದ್ದ ತಲೆಗಳನ್ನು ಅಳೆಯಬೇಕಾದರೆ ನೆಟ್ಟಗಿರುವ ತಲೆಗಳ ಅಳತೆ ಬೇಕು ನೋಡಿ. ಅಪ್ಪ ಅಂಕಿಗಳನ್ನು ಹಿಂದುಮುಂದಾಗಿ ಹೇಳಿದರು. ಅಮ್ಮ ಹದಿನೈದು ಪದ ಕೇಳಿಸಿಕೊಂಡು ಒಪ್ಪಿಸಿದಳು. ನನ್ನ ಪಾಲಿಗೆ ಬಂದದ್ದು ಬಣ್ಣದ ಕಾರ್ಡುಗಳ ಆಟ. ಕಾರ್ಡುಗಳನ್ನು ಯಾವ ನಿಯಮದ ಪ್ರಕಾರ ಜೋಡಿಸಬೇಕು ಅಂತ ನಾನೇ ಊಹಿಸಬೇಕು. ನಾನು ಹಿಡಿದೆ ಅನ್ನುವಷ್ಟರಲ್ಲಿ ಅವಳು ಹೇಳದೆ ಕೇಳದೆ ನಿಯಮ ಬದಲಾಯಿಸುತ್ತಾಳೆ.

"ತಪ್ಪು."

"ಯಾಕೆ ತಪ್ಪು? ಈಗ ತಾನೇ ಸರಿ ಅಂದೆ. ಕಾರಣ ಕೊಡು."

"ಕಾರಣ ಹೇಳೋ ಹಾಗಿಲ್ಲ. ಮುಂದಿಂದು ಇಡು."

ನಾನು ಅದೇ ಜಾಗದಲ್ಲಿ ಇಟ್ಟೆ. ಮತ್ತೆ ತಪ್ಪು. ಮತ್ತೂ ಅಲ್ಲೇ ಇಟ್ಟೆ. ವಾದ ಅಂದಮೇಲೆ ಬಿಟ್ಟುಕೊಡುವುದುಂಟೇ? ಕೊನೆಗೆ ಅಕ್ಕ ಪೆನ್ನು ಮುಚ್ಚಿ ಹೇಳಿದಳು: "ಹಿಡಿದದ್ದನ್ನ ಬಿಡದೇ ಇದ್ರೆ ನಿಮ್ಮ ಡಿಬೇಟ್‌ನಲ್ಲಿ ಕಪ್ ಕೊಡ್ತಾರೆ ಕಣೇ. ನಮ್ಮಲ್ಲಿ ವಾರ್ಡಿಗೆ ಸೇರಿಸ್ಕೋತಾರೆ."

ಇರಲಿ. ಈಗ ಶೀನಣ್ಣನ ವಿಷಯಕ್ಕೆ ಬರುತ್ತೇನೆ. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬದಲಾಯಿಸಿದ್ದೇನೆ. ಬದಲಾಯಿಸಬೇಡಿ ಅಂತ ಅವರು ಜಗಳವನ್ನೇ ಮಾಡಿದರು.)

ಚೆನ್ನೈನ ಗಿಂಡಿ ಬಡಾವಣೆಯಲ್ಲಿ ಕುಂದಾಪುರದ ಕಡೆಯ ಉಪಾಧ್ಯರದೊಂದು ಸಸ್ಯಾಹಾರಿ ಹೋಟೆಲಿದೆ. ಅಲ್ಲಿ ಶೀನಣ್ಣ ಸಪ್ಲೈಯರು. ಸಪ್ಲೈಯರು ಅಂದರೆ ಸಾಮಾನ್ಯ ಅಂದುಕೊಳ್ಳಬೇಡಿ. ಆರು ಟೇಬಲ್, ಇಪ್ಪತ್ತನಾಲ್ಕು ಜನ. ಒಬ್ಬರಿಗೆ ಈರುಳ್ಳಿ ಇಲ್ಲದ ರವಾದೋಸೆ, ಒಬ್ಬರಿಗೆ ಸಾಂಬಾರು ಬೇರೆ, ವಡೆ ಬೇರೆ, ಒಬ್ಬರಿಗೆ ಸಕ್ಕರೆ ಇಲ್ಲದ ಕಾಫಿ. ಒಂದನ್ನೂ ಬರೆದುಕೊಳ್ಳುವುದಿಲ್ಲ. ಎಲ್ಲ ಕೇಳಿಸಿಕೊಂಡು, ಅಡುಗೆಮನೆಯ ಕಿಂಡಿಗೆ ಹೋಗಿ ಒಂದೇ ಉಸಿರಿಗೆ ಒಪ್ಪಿಸಿ ಬರುತ್ತಿದ್ದರು. ಚೀಟಿ ಇಲ್ಲ ಅನ್ನುವುದೇ ಆ ಹೋಟೆಲಿನ ಹೆಮ್ಮೆ. ಅದನ್ನು ನೋಡಲಿಕ್ಕೇ ಹೋಗಿ ದೋಸೆ ತಿಂದು ಬಂದವರನ್ನು ಬಲ್ಲೆ.

ಎರಡು ತಿಂಗಳ ಹಿಂದೆ ಶೀನಣ್ಣ ಬಸ್ಸಿನ ಫುಟ್‌ಬೋರ್ಡಿನಿಂದ ಜಾರಿ ಬಿದ್ದು ತಲೆಗೆ ಏಟಾಯಿತು. ಎರಡು ದಿನ ಆಸ್ಪತ್ರೆ. ಸ್ಕ್ಯಾನ್ ಕ್ಲೀನ್. ಮೂರನೇ ವಾರ ಕೆಲಸಕ್ಕೆ ಬಂದರು. ಈರುಳ್ಳಿ ಬೇಡ ಅಂದವರಿಗೆ ಈರುಳ್ಳಿ ಬಂತು. ಪೊಂಗಲ್ ಕೇಳಿದವರಿಗೆ ಪೂರಿ ಬಂತು. ಒಂದು ಟೇಬಲ್ಲಿಗಂತೂ ಏನೂ ಬರಲಿಲ್ಲ.

"ಸ್ಕ್ಯಾನ್ ಕ್ಲೀನುಂಟು. ಮತ್ತೆ ಎಂತ ಇವನ ನಾಟಕ?" ಅಂದರು ಉಪಾಧ್ಯರು. ಅವರ ತೀರ್ಮಾನ ಸರಳ. ಸರಿ ಇದ್ದರೆ ಆರು ಟೇಬಲ್ ನೋಡು. ಇಲ್ಲದಿದ್ದರೆ ಊರಿಗೆ ಹೋಗು.

ನಾನು ಅಲ್ಲಿಯ ದಿನದ ಗಿರಾಕಿ. ಶೀನಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನಿಮ್ಮ ಅಕ್ಕ ತಲೆದೇ ಎಂತದೋ ಓದಿದ್ದಂತೆ ಅಲ್ವಾ? ನಂಗೆ ನನ್ನ ಟೇಬಲ್ ವಾಪಸ್ ಬೇಕು ಮಾರಾಯ್ರೆ. ಹದಿನೆಂಟು ವರ್ಷ ಆಯ್ತು. ಬೇರೆ ಎಂತ ಗೊತ್ತುಂಟು ನಂಗೆ?"

ಅಕ್ಕ ಮೂರು ಗಂಟೆ ಪರೀಕ್ಷೆ ಮಾಡಿದಳು. ಅಂಕಿ, ಪದ, ಚಿತ್ರ, ಕಾರ್ಡು. ಎಲ್ಲದರಲ್ಲೂ ಶೀನಣ್ಣ ಪಾಸು. ಸರಾಸರಿ ಮನುಷ್ಯನಷ್ಟು ಅಂಕ, ಕೂದಲಷ್ಟೂ ಕಡಿಮೆಯಿಲ್ಲ. ಅವಳ ಮೇಲಿನ ದೊಡ್ಡ ಡಾಕ್ಟರು ಹಾಳೆ ನೋಡಿ ಕೈಬೀಸಿದರು. "ನಾರ್ಮಲ್ ದಾನೇಮ್ಮಾ? ರೆಂಡು ಲೈನ್ ಎಳುದಿ ಅನುಪ್ಪು." ಎರಡು ಸಾಲು ಬರೆದು ಕಳಿಸಿಬಿಡು, ಅಷ್ಟೇ.

ಎರಡು ಸಾಲು ಬರೆಯಲು ಹನ್ನೊಂದು ವರ್ಷ ಓದಬೇಕಾಗಿರಲಿಲ್ಲ. ಅಕ್ಕ ಬರೆಯಲಿಲ್ಲ.

"ಸರಾಸರಿ ಮನುಷ್ಯ ಆರು ಟೇಬಲ್ ತಲೇಲಿ ಹೊತ್ಕೋತಾನೇನೇ?" ಅಂತ ನನ್ನನ್ನೇ ಕೇಳಿದಳು. "ಇವ್ರು ಸರಾಸರಿಗೆ ಬಂದಿದಾರೆ ಅಂದ್ರೆ ಎಷ್ಟು ಮೇಲಿಂದ ಬಿದ್ದಿರಬೇಕು!"

"ನೀನು ಹೇಳೋದು ಸರಿ" ಅಂದೆ. (ಇದು ಅಪರೂಪ. ಗುರುತು ಹಾಕಿಕೊಳ್ಳಿ.)

ಮರುದಿನ ಮಧ್ಯಾಹ್ನದ ಊಟದ ರಶ್ಶಿನಲ್ಲಿ ಅಕ್ಕ ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ನೋಟ್‌ಬುಕ್ ತೆರೆದು ಕೂತಳು. ಎರಡು ಗಂಟೆ, ನಾಲ್ಕು ಕಾಫಿ. ಎರಡು ಟೇಬಲ್ ಇದ್ದಾಗ ಶೀನಣ್ಣ ಹಳೆಯ ಶೀನಣ್ಣನೇ. ಮೂರನೆಯದು ಸೇರಿದರೂ ಪರವಾಗಿಲ್ಲ. ಆದರೆ ಕಿಂಡಿಗೆ ಹೋಗುವ ದಾರಿಯಲ್ಲಿ ಯಾರಾದರೂ ಹಿಂದಿನಿಂದ "ಅಣ್ಣೇ, ತಣ್ಣಿ!" ಅಂತ ನೀರು ಕೇಳಿದರೆ ಮುಗಿಯಿತು. ತಿರುಗಿ ನೋಡುವಷ್ಟರಲ್ಲಿ ತಲೆಯಲ್ಲಿದ್ದದ್ದು ಚೆಲ್ಲಿಹೋಗುತ್ತಿತ್ತು. ಮರೆವಲ್ಲ. ನಾಟಕ ಮೊದಲೇ ಅಲ್ಲ. ನಡುವೆ ತಡೆದರೆ ಹೊತ್ತದ್ದನ್ನು ಹಿಡಿದುಕೊಳ್ಳುವ ಶಕ್ತಿಗೆ ಪೆಟ್ಟು ಬಿದ್ದಿತ್ತು. ಆಸ್ಪತ್ರೆಯ ಸದ್ದಿಲ್ಲದ ಕೋಣೆಯಲ್ಲಿ ನೀರು ಕೇಳುವವರು ಯಾರಿದ್ದರು?

ಅಕ್ಕ ಎರಡು ಪುಟ ಬರೆದಳು. ಆರು ತಿಂಗಳು ಎರಡೇ ಟೇಬಲ್ ಕೊಡಿ. ಜೇಬಿನಲ್ಲಿ ಸಣ್ಣ ಪುಸ್ತಕ, ಪೆನ್ಸಿಲ್ಲು ಇರಲಿ, ಆರ್ಡರ್ ಬರೆದುಕೊಳ್ಳಲಿ. ಆಮೇಲೆ ಮೂರು ಟೇಬಲ್, ನಾಲ್ಕು. ಬಹುಪಾಲು ಸರಿಹೋಗುವ ಸಾಧ್ಯತೆ ಇದೆ.

ಮೊದಲು ಎದುರು ಬಿದ್ದದ್ದು ಯಾರು ಗೊತ್ತೇ? ಶೀನಣ್ಣ!

"ಚೀಟಿಯಾ? ನಾನು ಬರಕೊಳ್ಳುದಾ?" ಮುಖ ಕೆಂಪಾಗಿತ್ತು. "ನಿನ್ನೆ ಬಂದ ಹುಡುಗರೂ ಬಾಯಲ್ಲೇ ಹೇಳ್ತಾರೆ ಮೇಡಂ. ನನ್ನ ಕೈಲಿ ಪೆನ್ಸಿಲ್ ನೋಡಿದ್ರೆ ಎಂತ ಹೇಳ್ಲಿಕ್ಕಿಲ್ಲ?"

ಅಕ್ಕ ವಾದ ಮಾಡಲಿಲ್ಲ. (ಮಾಡುವವಳು ನಾನು. ನನ್ನನ್ನು ಕಾಲಿನಿಂದ ಒದ್ದು ಸುಮ್ಮನಿರಿಸಿದ್ದಳು.) "ಶೀನಣ್ಣ, ಪೆನ್ಸಿಲ್ ಬೇಕಾ, ಊರಿನ ಬಸ್ ಬೇಕಾ?" ಅಂತಷ್ಟೇ ಕೇಳಿದಳು. ಅವರು ತಮ್ಮ ಅಂಗೈ ಬಿಡಿಸಿ, ಮಡಚಿ ನೋಡಿಕೊಂಡರು. ಆಮೇಲೆ, "ಸಣ್ಣ ಪೆನ್ಸಿಲ್ ಸಿಗ್ತದಾ? ಮುಷ್ಟಿಯೊಳಗೆ ಹಿಡೀಲಿಕ್ಕೆ ಆಗುವಂಥದ್ದು?" ಅಂದರು.

ಉಳಿದದ್ದು ಉಪಾಧ್ಯರು. ಶನಿವಾರ ನಾವಿಬ್ಬರೂ ಹೋಗಿ ಗಲ್ಲಾದ ಮುಂದೆ ನಿಂತೆವು. ಅವರು ಎರಡು ಪುಟವನ್ನೂ ಓದಿದರು.

"ನೀವು ಇಂಜೆಕ್ಷನ್ ಕೊಡುದಿಲ್ಲ, ಮಾತ್ರೆ ಬರೆಯುದಿಲ್ಲ. ಮತ್ತೆ ಎಂತ ಡಾಕ್ಟ್ರು?"

"ನೋಡೋ ಡಾಕ್ಟ್ರು," ಅಂದಳು ಅಕ್ಕ.

"ನೋಡ್ಲಿಕ್ಕೆ ನಂಗೂ ಬರ್ತದೆ. ನಮ್ಮ ಹೋಟೆಲಲ್ಲಿ ಸಪ್ಲೈಯರು ಚೀಟಿ ಹಿಡ್ಕೊಂಡು ನಿಂತ್ರೆ ಮರ್ಯಾದೆ ಉಂಟಾ? ತಲೆ ಸರಿ ಇದ್ದವ ಬರೆದುಕೊಳ್ತಾನಾ?"

ಅಷ್ಟರಲ್ಲಿ ಫೋನ್ ಬಂತು. ಹಾಲಿನವನದು. ಉಪಾಧ್ಯರು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು 'ಹಾಲು, ನಾಳೆ ಇಪ್ಪತ್ತು ಲೀಟರ್ ಜಾಸ್ತಿ' ಅಂತ ಬರೆದು ಗಲ್ಲಾದ ಪಕ್ಕದ ಮೊಳೆಗೆ ಚುಚ್ಚಿದರು. ಆ ಮೊಳೆಯಲ್ಲಿ ಆಗಲೇ ತೆಂಗಿನಕಾಯಿ ಇತ್ತು, ಗ್ಯಾಸ್ ಇತ್ತು, ಮಗಳ ಸ್ಕೂಲಿನ ಮೀಟಿಂಗ್ ಇತ್ತು, ಹೆಂಡತಿಯ ಮಾತ್ರೆಯ ಹೆಸರಿತ್ತು.

"ಆಯ್ತು, ಯೋಚನೆ ಮಾಡಿ ಸೋಮವಾರ ಹೇಳ್ತೇನೆ," ಅಂದರು. ಹೇಳಿ, ಇನ್ನೊಂದು ತುಂಡು ಹರಿದು 'ಶೀನ — ಸೋಮವಾರ' ಅಂತ ಬರೆದು ಅದೇ ಮೊಳೆಗೆ ಚುಚ್ಚಿದರು.

ಒಳಗೆ ಕಿಂಡಿಯ ಹತ್ತಿರ ಶೀನಣ್ಣ ಮುಷ್ಟಿ ಬಿಗಿಹಿಡಿದು ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಈ ಸಲವೂ ಒದೆಯುತ್ತಾಳೆ ಅಂದುಕೊಂಡೆ. ಒದೆಯಲಿಲ್ಲ. ಹಾಗಾಗಿ ಮೊಳೆಯ ಚೀಟಿಗಳನ್ನು ತೋರಿಸಿ ಕೇಳಿಯೇಬಿಟ್ಟೆ. ಉತ್ತರ ಬಂದಿಲ್ಲ, ಸೋಮವಾರವೂ ಇನ್ನೂ ಬಂದಿಲ್ಲ.

ಉಪಾಧ್ಯರೇ, ನೀವು ಬಿದ್ದದ್ದು ಯಾವ ಬಸ್ಸಿನಿಂದ?